ವಿದ್ಯಾರ್ಥಿಯ ಮಾತು ಬಿರುಸಾದರೆ ಪೊಲೀಸರಿಗೆ ಹೇಳಬೇಕೇ?

ಪ್ರಶ್ನೆ: ನಾನು ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕ. ದ್ವಿತೀಯ ಪಿಯುಸಿಯ ಹುಡುಗನೊಬ್ಬ ಕೆಲವು ತಿಂಗಳಿಂದ ಬದಲಾಗಿದ್ದಾನೆ. ಹಳೆಯ ಗೆಳೆಯರನ್ನು ದೂರ ಮಾಡಿದ್ದಾನೆ, ಕ್ರಿಕೆಟ್ ಬಿಟ್ಟಿದ್ದಾನೆ, ಬಿಡುವಿನಲ್ಲೆಲ್ಲ ಮೊಬೈಲ್‌ನಲ್ಲಿ ಯಾವುದೋ ಗುಂಪಿನ ವಿಡಿಯೊ ನೋಡುತ್ತಾನೆ. ಇನ್ನೊಂದು ಸಮುದಾಯದವರಿಗೆ ‘ಬುದ್ಧಿ ಕಲಿಸಬೇಕು’ ಎಂದು ತರಗತಿಯಲ್ಲೇ ಹೇಳಿದ. ಬ್ರಿಟನ್‌ನಲ್ಲಿ ಇಂಥವರ ಬಗ್ಗೆ ಶಿಕ್ಷಕರು ವರದಿ ಮಾಡಬೇಕೆಂಬ ಕಾನೂನು ಇದೆಯಂತೆ. ನಮ್ಮ ಸರ್ಕಾರದ ನೀತಿ ಏನು? ಪೊಲೀಸರಿಗೆ ಹೇಳಿದರೆ ಹುಡುಗನ ಬದುಕು ಹಾಳಾದೀತು ಎಂಬ ಭಯ, ಹೇಳದೆ ನಾಳೆ ಏನಾದರೂ ನಡೆದರೆ ಎಂಬ ಭಯ. ವಿದ್ಯಾರ್ಥಿಗಳ ಮೇಲೆ ಕಣ್ಣಿಡಲು ಸಮಿತಿ ರಚಿಸುವ ಯೋಚನೆ ನಮ್ಮ ಆಡಳಿತ ಮಂಡಳಿಗಿದೆ. ಅದು ಸರಿಯೇ?

ಉತ್ತರ: ಹುಡುಗ ಯಾವ ಸಮುದಾಯದವನು, ಯಾವ ಗುಂಪಿನ ವಿಡಿಯೊ ನೋಡುತ್ತಾನೆ ಎಂದು ನೀವು ಬರೆದಿಲ್ಲ. ಬರೆಯದಿದ್ದುದೇ ಒಳ್ಳೆಯದಾಯಿತು. ಅದನ್ನು ತಿಳಿದ ಮೇಲೆ ನನ್ನ ಉತ್ತರ ಬದಲಾಗುವುದಾದರೆ ನೀವು ಅದನ್ನು ನಂಬಬೇಕಾಗಿಲ್ಲ. 2015ರ ಆಗಸ್ಟ್‌ನಲ್ಲಿ ಧಾರವಾಡದ ಮನೆಬಾಗಿಲಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. 2022ರ ನವೆಂಬರ್‌ನಲ್ಲಿ ಮಂಗಳೂರಿನ ಆಟೊವೊಂದರಲ್ಲಿ ಕುಕ್ಕರ್ ಬಾಂಬ್ ಸಿಡಿಯಿತು. ಮಲೆನಾಡಿನ ಕಾಡಿನಲ್ಲಿ ಎರಡು ದಶಕ ನಕ್ಸಲರ ಬಂದೂಕು ಓಡಾಡಿತು. ಹಿಂಸೆ ಯಾವುದೋ ಒಂದು ಕೇರಿಯಿಂದ ಮಾತ್ರ ಬರುತ್ತದೆ ಎನ್ನುವವರಿಗೆ ನಮ್ಮ ರಾಜ್ಯದ ಹತ್ತು ವರ್ಷದ ಪತ್ರಿಕೆಗಳನ್ನು ಓದಿ ಎನ್ನುವುದಷ್ಟೇ ನನ್ನ ಉತ್ತರ.

ನಿಮಗೆ ಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವಷ್ಟೇ ನಿಜವಾಗಿದ್ದರೆ ಈಗ ಪೊಲೀಸ್ ಠಾಣೆಗೆ ಹೋಗಬೇಡಿ. ಹುಡುಗನ ಹತ್ತಿರ ಹೋಗಿ. ಠಾಣೆಗೆ ಹೋಗಲೇಬೇಕಾದ ಗೆರೆಯೊಂದು ಇದೆ, ಅದು ಎಲ್ಲಿದೆ ಎಂದು ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಭಯಕ್ಕೆ ಎಷ್ಟು ಆಧಾರವಿದೆ ಎಂಬುದು ತಿಳಿಯಬೇಕಾದರೆ ಸರ್ಕಾರದ ಕೈಯಲ್ಲಿ ಇರುವುದೇನು, ಇಲ್ಲದಿರುವುದೇನು ಎಂಬುದನ್ನು ನೋಡಬೇಕು.

ಇರುವುದು ಕಾನೂನು, ಅದೂ ಬಹಳ ಗಟ್ಟಿಯಾದ ಕಾನೂನು. 1967ರ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, ಎಂದರೆ ಯುಎಪಿಎ, ಮೊದಲು ಸಂಘಟನೆಗಳನ್ನು ನಿಷೇಧಿಸುವ ಕಾಯ್ದೆಯಾಗಿತ್ತು. ಭಯೋತ್ಪಾದನೆಯ ವಿರುದ್ಧವೇ ಇದ್ದ ಎರಡು ಕಾಯ್ದೆಗಳಲ್ಲಿ ಟಾಡಾ 1995ರಲ್ಲಿ ಕೊನೆಗೊಂಡು, ಪೋಟಾ 2004ರಲ್ಲಿ ರದ್ದಾದ ಮೇಲೆ ಭಯೋತ್ಪಾದನೆಯ ಅಧ್ಯಾಯಗಳು ಇದರೊಳಗೆ ಬಂದವು. ಮುಂಬೈ ದಾಳಿಯ ಬೆನ್ನಿಗೇ 2008ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾಯಿತು, ರಾಷ್ಟ್ರೀಯ ತನಿಖಾ ಸಂಸ್ಥೆಯೂ ಹುಟ್ಟಿತು. 2019ರಿಂದ ಸಂಘಟನೆಯನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಘೋಷಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 113ನೇ ಕಲಮಿನಲ್ಲೂ ಭಯೋತ್ಪಾದನಾ ಕೃತ್ಯ ಪ್ರತ್ಯೇಕ ಅಪರಾಧವಾಗಿದೆ.

ನಿಮ್ಮ ಹುಡುಗನ ಮಟ್ಟಿಗೆ ಮುಖ್ಯವಾದುದು ಎರಡು ಅಂಶ. ಯುಎಪಿಎ ಅಡಿಯಲ್ಲಿ ದೋಷಾರೋಪ ಪಟ್ಟಿ ಸಲ್ಲಿಸಲು 180 ದಿನಗಳವರೆಗೆ ಅವಕಾಶ ಕೊಡಬಹುದು. ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ಅನಿಸಿದರೆ ಜಾಮೀನು ಕೊಡುವಂತಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆದಾಗ ಉಚ್ಚ ನ್ಯಾಯಾಲಯ, ಸುಪ್ರೀಂ ಕೋರ್ಟ್‌ಗಳು ಜಾಮೀನು ಕೊಡಬಹುದೆಂದು 2021ರ ನಜೀಬ್ ಪ್ರಕರಣದಲ್ಲಿ ತೀರ್ಪು ಬಂತು. ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ ಆ ವರ್ಷಗಳು ಕಳೆದೇ ಹೋಗಿರುತ್ತವೆ. ಎರಡನೆಯದು ಸದಸ್ಯತ್ವದ ವಿಷಯ. ನಿಷೇಧಿತ ಸಂಘಟನೆಯ ಬರಿಯ ಸದಸ್ಯತ್ವ ಅಪರಾಧವಲ್ಲ, ಹಿಂಸೆಗೆ ಇಳಿದಿರಬೇಕು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಈಗ ಸದಸ್ಯತ್ವವೇ ಸಾಕು. ‘ನಾನೇನೂ ಮಾಡಿಲ್ಲ, ಗುಂಪಿನಲ್ಲಿ ಸುಮ್ಮನೆ ಇದ್ದೆ’ ಎಂಬ ಮಾತು ಆ ಗುಂಪು ನಿಷೇಧಿತ ಸಂಘಟನೆಯದಾಗಿದ್ದರೆ ಅವನನ್ನು ಕಾಪಾಡದೆ ಹೋಗಬಹುದು. ಇದನ್ನು ಹುಡುಗನಿಗೂ ಅವನ ತಂದೆತಾಯಿಗೂ ಹೇಳಬೇಕು. ಹೆದರಿಸಲಿಕ್ಕಾಗಿ ಬೇಡ, ರಸ್ತೆಯ ನಿಯಮ ಹೇಳುವ ದನಿಯಲ್ಲಿ ಹೇಳಿ.

ಇಷ್ಟೆಲ್ಲ ಗೆರೆ ದಾಟಿದವರಿಗೆ. ದಾಟದಿರುವವರಿಗೆ ಏನಿದೆ? ಕೇಂದ್ರ ಗೃಹ ಸಚಿವಾಲಯದಲ್ಲಿ 2017ರಲ್ಲಿ ಭಯೋತ್ಪಾದನೆ ನಿಗ್ರಹಕ್ಕೂ ತೀವ್ರವಾದದತ್ತ ಜಾರುವುದನ್ನು ತಡೆಯುವುದಕ್ಕೂ ಸೇರಿ ಒಂದು ವಿಭಾಗ ತೆರೆಯಲಾಯಿತು. ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ, ಕೇರಳ ಪೊಲೀಸರು ಯುವಕರನ್ನೂ ಕುಟುಂಬಗಳನ್ನೂ ಕೂರಿಸಿ ಆಪ್ತ ಸಮಾಲೋಚನೆ ನಡೆಸಿ ಎಷ್ಟೋ ಮಂದಿಯನ್ನು ಹಿಂದಕ್ಕೆ ಕರೆತಂದಿದ್ದಾರೆ. ಆದರೆ ಈ ಪ್ರಯತ್ನಗಳು ನಿಂತಿರುವುದು ಅಧಿಕಾರಿಗಳ ಒಳ್ಳೆಯತನದ ಮೇಲೆ, ಅದೂ ಪೊಲೀಸ್ ಇಲಾಖೆಯ ಒಳಗೆ. ಅಧಿಕಾರಿ ವರ್ಗವಾದರೆ ಕೆಲಸವೂ ವರ್ಗವಾಗುತ್ತದೆ. ದಾವಣಗೆರೆಯ ಉಪನ್ಯಾಸಕರೊಬ್ಬರು ಅನುಮಾನ ಬಂದ ದಿನ ಹೋಗಿ ಬಾಗಿಲು ತಟ್ಟಬಹುದಾದ, ಪೊಲೀಸರಲ್ಲದ ಒಂದು ಕಚೇರಿ ಇದಕ್ಕೆಂದೇ ಇಲ್ಲ. ನಮ್ಮ ನೀತಿಯ ದೊಡ್ಡ ಕೊರತೆ ಇದು ಎಂದೇ ನನ್ನ ಅಭಿಪ್ರಾಯ. ಅಭಿಪ್ರಾಯಕ್ಕೂ ಅಪರಾಧಕ್ಕೂ ನಡುವಿನ ಜಾಗವನ್ನು ನಾವು ಖಾಲಿ ಬಿಟ್ಟಿದ್ದೇವೆ. ಆ ಜಾಗಕ್ಕೆ ಮೊದಲು ಬರುವವರು ನಿಮ್ಮ ಹುಡುಗನ ಮೊಬೈಲ್‌ನಲ್ಲಿ ಮಾತಾಡುತ್ತಿರುವವರು.

ಈ ಕೊರತೆ ಹೇಗೆ ಕಾಣುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಿಮ್ಮದೇ ಜಿಲ್ಲೆಯ ಹೊನ್ನಾಳಿ ಸಾಕು. 2008ರ ಆರಂಭದಲ್ಲಿ ಬೈಕ್ ಕಳವಿನ ಅನುಮಾನದ ಮೇಲೆ ಅಲ್ಲಿ ಇಬ್ಬರು ಯುವಕರನ್ನು ಪೊಲೀಸರು ಹಿಡಿದರು. ಅದರ ಎಳೆ ಹಿಡಿದು ಹೋದ ತನಿಖೆ ನಿಷೇಧಿತ ವಿದ್ಯಾರ್ಥಿ ಸಂಘಟನೆ ಸಿಮಿಯ ಹೆಸರಿನ ಹುಬ್ಬಳ್ಳಿ ಸಂಚಿನ ಪ್ರಕರಣವಾಗಿ ಬೆಳೆಯಿತು. ಆಗ ಮೆಚ್ಚಿದವರೆಲ್ಲ ಮೆಚ್ಚಿದ್ದು ಸಾಧಾರಣ ಠಾಣೆಯ ಸಾಧಾರಣ ಪೊಲೀಸರನ್ನು. ಅದು ಸರಿಯೇ, ಗಸ್ತು ತಿರುಗುವ, ಊರಿನ ಮುಖ ಬಲ್ಲ ಪೇದೆಯಷ್ಟು ಉಪಯುಕ್ತವಾದ ಗುಪ್ತಚರ ಸಾಧನ ಇನ್ನೊಂದಿಲ್ಲ. ಆದರೆ ಮುಂದಿನದನ್ನು ಊರು ಮರೆತಿದೆ. ಏಳು ವರ್ಷಗಳ ಬಳಿಕ, 2015ರಲ್ಲಿ, ಹುಬ್ಬಳ್ಳಿಯ ನ್ಯಾಯಾಲಯ ಆ ಸಂಚಿನ ಪ್ರಕರಣದ 17 ಆರೋಪಿಗಳನ್ನು ಖುಲಾಸೆ ಮಾಡಿತು. ಆರೋಪಿಗಳಲ್ಲಿ ಓದುತ್ತಿದ್ದವರಿದ್ದರು, ಉದ್ಯೋಗದಲ್ಲಿದ್ದವರಿದ್ದರು. ನೀವು ಯಾವ ಕಡೆಯಿಂದ ನೋಡಿದರೂ ಇದು ಸೋಲೇ. ಅವರು ನಿರಪರಾಧಿಗಳಾಗಿದ್ದರೆ ಏಳು ವರ್ಷ ಕಳೆದುಕೊಂಡರು. ಸಂಚು ನಿಜವೇ ಆಗಿದ್ದರೆ ಪ್ರಾಸಿಕ್ಯೂಷನ್ ಅದನ್ನು ಸಾಬೀತುಪಡಿಸಲಾರದೆ ಹೋಯಿತು. ನಿಮ್ಮ ಮೊದಲ ಭಯ ಬರಿಯ ಕಲ್ಪನೆಯಲ್ಲ.

ಹಾಗಾದರೆ ಬ್ರಿಟನ್ನಿನ ದಾರಿ? ಅಲ್ಲಿ ‘ಪ್ರಿವೆಂಟ್’ ಎಂಬ ಕಾರ್ಯಕ್ರಮವಿದೆ. 2015ರ ಕಾನೂನು ಶಾಲೆ, ಕಾಲೇಜು, ಆಸ್ಪತ್ರೆ, ಸ್ಥಳೀಯ ಸಂಸ್ಥೆಗಳ ಮೇಲೆ ಒಂದು ಹೊಣೆ ಹೊರಿಸಿತು: ಜನ ಭಯೋತ್ಪಾದನೆಯತ್ತ ಸೆಳೆಯಲ್ಪಡದಂತೆ ತಡೆಯುವತ್ತ ಗಮನ ಕೊಡಬೇಕು. ಕಾನೂನಿನ ಅಕ್ಷರ ಅಷ್ಟೇ. ಆಚರಣೆಯಲ್ಲಿ ಅದು ಅನುಮಾನ ಬಂದವರ ಹೆಸರು ಕಳಿಸುವ ರೂಢಿಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ 6,922 ವರದಿಗಳು ಬಂದವು. ಅವುಗಳಲ್ಲಿ ‘ಚಾನೆಲ್’ ಎಂಬ ನೆರವಿನ ಸಮಿತಿ ಕೈಗೆತ್ತಿಕೊಂಡದ್ದು 512 ಮಾತ್ರ. ವರದಿಯಾದವರಲ್ಲಿ ದೊಡ್ಡ ಗುಂಪು 11ರಿಂದ 15 ವರ್ಷದ ಮಕ್ಕಳದು. ಬಹಳಷ್ಟು ಮಕ್ಕಳಲ್ಲಿ ಯಾವ ಸಿದ್ಧಾಂತವೂ ಇರಲಿಲ್ಲ. ಒಂಟಿತನ, ಮನೆಯ ಜಗಳ, ಮಾನಸಿಕ ತೊಂದರೆ ಇತ್ತು. ಶಿಕ್ಷಕನಿಗೆ ಶಿಕ್ಷೆಯ ಭಯವಿದ್ದರೆ ಅವನು ಎಲ್ಲರ ಹೆಸರನ್ನೂ ಕಳಿಸುತ್ತಾನೆ, ಸಹಜವೇ.

ಹಾಗೆ ಬಲೆ ಅಷ್ಟು ಅಗಲವಾಗಿ ಹರಡಿದ್ದರೂ ದೊಡ್ಡ ಮೀನು ನುಸುಳಿತು. 2024ರ ಜುಲೈನಲ್ಲಿ ಸೌತ್‌ಪೋರ್ಟ್ ಎಂಬ ಊರಿನ ನೃತ್ಯ ತರಗತಿಯಲ್ಲಿ ಮೂವರು ಪುಟ್ಟ ಹುಡುಗಿಯರನ್ನು ಇರಿದು ಕೊಂದವನ ಹೆಸರನ್ನು 2019ರಿಂದ 2021ರ ನಡುವೆ ಮೂರು ಬಾರಿ ಪ್ರಿವೆಂಟ್‌ಗೆ ಕಳಿಸಲಾಗಿತ್ತು. ಖಚಿತವಾದ ಸಿದ್ಧಾಂತ ಕಾಣುವುದಿಲ್ಲವೆಂದು ಕಡತ ಮುಚ್ಚಿದ್ದರು. ಅಂದರೆ ಶಿಕ್ಷಕರು ಗಮನಿಸಿದ್ದರು, ಹೇಳಿದ್ದರು. ಕೇಳಿಸಿಕೊಂಡವರ ಬಳಿ ಅವನಿಗೆ ಹೊಂದುವ ಖಾನೆ ಇರಲಿಲ್ಲ. ಪ್ರಿವೆಂಟ್ ಅನ್ನು ನಮ್ಮಲ್ಲಿ ನಕಲು ಮಾಡಬೇಕೆನ್ನುವ ಭಾಷಣಗಳನ್ನು ಕೇಳಿದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ.

ಡೆನ್ಮಾರ್ಕ್‌ನ ಓರ್ಹುಸ್ ನಗರದ ಕಥೆ ನನಗೆ ಹೆಚ್ಚು ಒಪ್ಪಿಗೆ. 2013ರ ಹೊತ್ತಿಗೆ ಅಲ್ಲಿಂದ ಸುಮಾರು 30 ಯುವಕರು ಸಿರಿಯಾದ ಯುದ್ಧಕ್ಕೆ ಹೋಗಿದ್ದರು. ಮುಂದಿನ ವರ್ಷ ಆ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಅಲ್ಲಿನ ಪೊಲೀಸರೂ ನಗರಸಭೆಯೂ ಸೇರಿ ಪ್ರತಿ ಹುಡುಗನಿಗೆ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿ, ಓದು, ಕೆಲಸ, ಮನೆಯ ಸಮಸ್ಯೆಗಳಲ್ಲಿ ಕೈಜೋಡಿಸಿದರು. ಇದು ಸಾಧ್ಯವಾದದ್ದು ಶಾಲೆ, ಸಮಾಜ ಸೇವಾ ಇಲಾಖೆ, ಪೊಲೀಸ್ ಮೂವರೂ ಒಟ್ಟಿಗೆ ಕೂರುವ ಪದ್ಧತಿ ಅಲ್ಲಿ 1970ರ ದಶಕದಿಂದಲೇ ಇದ್ದುದರಿಂದ. ಅದು ಹುಟ್ಟಿದ್ದು ಭಯೋತ್ಪಾದನೆಗಾಗಿ ಅಲ್ಲ, ಪುಂಡಾಟದ ಹುಡುಗರಿಗಾಗಿ. ಹುಡುಗನ ಹಣೆಗೆ ಚೀಟಿ ಅಂಟಿಸದೆ ಅವನ ಬಗ್ಗೆ ಮಾತಾಡಬಲ್ಲ ಒಂದು ಮೇಜು ಅಲ್ಲಿತ್ತು.

ನಮ್ಮಲ್ಲೂ ಒಂದು ಮಾದರಿ ಇದೆ, ನಾವು ಅದನ್ನು ಆ ದೃಷ್ಟಿಯಿಂದ ನೋಡಿಲ್ಲ. 2005ರ ಫೆಬ್ರುವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕೆಲವೇ ದಿನಗಳಲ್ಲಿ, ಚಿತ್ರದುರ್ಗ ಜಿಲ್ಲೆಗೆ ತಾಗಿದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರನ್ನು ನಕ್ಸಲರು ರಾತ್ರಿ ಮುತ್ತಿ ಕೊಂದರು. ಗುಂಡಿಗೆ ಗುಂಡು. ಇದು ಮುಂದಿನ ಎಷ್ಟೋ ವರ್ಷಗಳ ಲೆಕ್ಕಾಚಾರವಾಯಿತು. ಅದನ್ನು ತಿರುಗಿಸಿದ್ದು ಬೇರೆ ದಾರಿ. 2014ರ ಡಿಸೆಂಬರ್‌ನಲ್ಲಿ ನಕ್ಸಲ್ ನಾಯಕರಾದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದಾಗ ನಡುವೆ ನಿಂತು ಮಾತಾಡಿದವರು ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್. 2024ರ ನವೆಂಬರ್‌ನಲ್ಲಿ ಹೆಬ್ರಿಯ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಸತ್ತ. ಎರಡು ತಿಂಗಳೂ ಕಳೆಯುವ ಮುಂಚೆ, 2025ರ ಜನವರಿ 8ರಂದು, ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದರು. ಆಗಲೂ ಕಾಡಿಗೆ ಮಾತು ತಲುಪಿಸಿದವರಲ್ಲಿ ಶಾಂತಿಗಾಗಿ ನಾಗರಿಕ ವೇದಿಕೆಯವರು ಇದ್ದರು. ಶರಣಾಗತಿ ನೀತಿಯಲ್ಲಿ ಪುನರ್ವಸತಿಗೆ ಗರಿಷ್ಠ 7.5 ಲಕ್ಷ ರೂಪಾಯಿ, ಕೌಶಲ ತರಬೇತಿ, ಕಾನೂನು ನೆರವು ಇದ್ದವು. ಅವರ ಮೇಲಿನ ಪ್ರಕರಣಗಳು ಬಿದ್ದುಹೋಗಲಿಲ್ಲ, ನ್ಯಾಯಾಲಯಕ್ಕೆ ಹೋದವು. ಎನ್‌ಕೌಂಟರ್‌ನ ಒತ್ತಡವಿಲ್ಲದಿದ್ದರೆ ಅವರು ಬರುತ್ತಿದ್ದರೇ ಎಂದು ಪೊಲೀಸರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಆದರೆ ಒತ್ತಡವೊಂದೇ ಸಾಕಾಗಿದ್ದರೆ 2005ರಲ್ಲೇ ಮುಗಿಯಬೇಕಿತ್ತು. ಎರಡೂ ಕಡೆಯವರು ನಂಬುವ ಮೂರನೆಯವರು ಬೇಕಾಯಿತು.

ಬಂದೂಕು ಹಿಡಿದು ಇಪ್ಪತ್ತು ವರ್ಷ ಕಾಡಿನಲ್ಲಿದ್ದವರಿಗೆ ಹಿಂದಿರುಗುವ ದಾರಿ ಮಾಡಿಕೊಟ್ಟ ಸರ್ಕಾರ, ಮೊಬೈಲ್ ಹಿಡಿದು ಕೂತ ಹದಿನೇಳರ ಹುಡುಗನಿಗೆ ಅಂಥದ್ದೇನನ್ನೂ ಮಾಡಿಲ್ಲ. ಹಾಗಾಗಿ ಆ ಮೂರನೆಯವರು ಸದ್ಯಕ್ಕೆ ನೀವೇ. ಬೇರೆ ಯಾರೂ ಇಲ್ಲ ಎಂದು ಹೇಳಲು ನನಗೆ ಸಂತೋಷವೇನಿಲ್ಲ.

ಇನ್ನು ಆ ಗೆರೆ. ಸುಪ್ರೀಂ ಕೋರ್ಟ್‌ನ 2015ರ ಶ್ರೇಯಾ ಸಿಂಘಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರನ್ನು ಬೇರೆ ಮಾಡಿತು. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಸಂವಿಧಾನದ ರಕ್ಷಣೆಯಲ್ಲಿವೆ. ಬಿರುಸಾದ ಮಾತೆಲ್ಲ ಉಗ್ರವಾದವಲ್ಲ. ಕಾಟನ್ ಮಿಲ್ ಕಾರ್ಮಿಕರ ಕೆಂಪು ಬಾವುಟಗಳು ಬೀದಿ ತುಂಬಿದ್ದ ಊರು ನಿಮ್ಮದು. ಆ ಸಿಟ್ಟು ಸಿಪಿಐನ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿತು, ಅದಕ್ಕೊಂದು ಬಾಗಿಲು ಇತ್ತು. ನಿಮ್ಮ ಹುಡುಗನ ‘ಬುದ್ಧಿ ಕಲಿಸಬೇಕು’ ಎಂಬ ಮಾತು ಕೆಟ್ಟದ್ದು, ಆದರೆ ಇಂಥ ಮಾತನ್ನು ಅವನು ದೊಡ್ಡವರ ವೇದಿಕೆಗಳಲ್ಲೇ ಕೇಳಿರುತ್ತಾನೆ.

ಮಾತಿನೊಳಗೆ ವಿವರ ಸೇರತೊಡಗಿದಾಗ ಗೆರೆ ಹತ್ತಿರವಾಗುತ್ತದೆ. ಇಂಥ ವ್ಯಕ್ತಿ, ಇಂಥ ಅಂಗಡಿ, ಇಂಥ ಮೆರವಣಿಗೆ ಎಂದು ಗುರಿ ಹೇಳಿದರೆ. ಆಯುಧ ಅಥವಾ ಸ್ಫೋಟಕದ ವಿಷಯ ಹುಡುಕುತ್ತಿದ್ದರೆ, ಸಂಗ್ರಹಿಸುತ್ತಿದ್ದರೆ. ಎಲ್ಲಿಂದಲೋ ಹಣ ಬರುತ್ತಿದ್ದರೆ, ಮನೆಗೆ ಹೇಳದೆ ಪ್ರಯಾಣದ ಸಿದ್ಧತೆ ನಡೆದಿದ್ದರೆ. ಬೇರೆ ಹುಡುಗರನ್ನು ಸೇರಿಸಲು ಹೊರಟಿದ್ದರೆ. ವಿದಾಯ ಹೇಳುವ ಧಾಟಿಯಲ್ಲಿ ಮಾತಾಡಿದರೆ. ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಪ್ರಾಂಶುಪಾಲರಿಗೆ ತಿಳಿಸಿ ಪೊಲೀಸರಿಗೆ ಹೇಳಿ. ತುರ್ತಾಗಿದ್ದರೆ ನೇರವಾಗಿ 112. ಆಗ ಅವನ ಭವಿಷ್ಯದ ಯೋಚನೆಗೆ ಎರಡನೆಯ ಸ್ಥಾನ. ಇದು ಬರಿಯ ನೀತಿಯ ಮಾತಲ್ಲ. ಕೊಲೆ, ಭಯೋತ್ಪಾದನಾ ಕೃತ್ಯದಂಥ ಅಪರಾಧ ನಡೆದಿದೆ ಅಥವಾ ಅದನ್ನು ನಡೆಸುವ ಉದ್ದೇಶ ಯಾರಿಗಾದರೂ ಇದೆ ಎಂದು ಗೊತ್ತಿರುವವರು ಮಾಹಿತಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ಅಭಿಪ್ರಾಯಗಳನ್ನು ವರದಿ ಮಾಡಬೇಕೆಂದು ಮಾತ್ರ ಅದು ಹೇಳುವುದಿಲ್ಲ.

ಹುಡುಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಅವನು ಕಾನೂನಿನ ಕಣ್ಣಿನಲ್ಲಿ ಮಗು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಮಾತಾಡುವಾಗ ಅವರನ್ನೇ ಕೇಳಿ. ಪ್ರಕರಣವಾದರೂ ಅದು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಹದಿನಾರು ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಾತ್ರ ವಯಸ್ಕನಂತೆ ವಿಚಾರಣೆ ನಡೆಸಬೇಕೇ ಎಂಬ ಪರಿಶೀಲನೆ ನಡೆಯುತ್ತದೆ. ಮಕ್ಕಳನ್ನು ಸೇರಿಸಿಕೊಳ್ಳುವ ಉಗ್ರ ಗುಂಪಿನವರಿಗೆ 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡವಿದೆ. ಅವನು ಇಲ್ಲಿ ಬಲಿಪಶುವೂ ಆಗಿರಬಹುದು ಎಂದು ಕಾನೂನೇ ಒಪ್ಪುತ್ತದೆ. ಹುಟ್ಟುಹಬ್ಬ ಹತ್ತಿರವಿದ್ದರೆ ಈಗಿನ ತಿಂಗಳುಗಳು ಬೆಲೆಯುಳ್ಳವು.

ಹುಡುಗನ ಹತ್ತಿರ ಹೇಗೆ ಮಾತಾಡಬೇಕು ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಒಂದೆರಡು ಮಾತಷ್ಟೇ. ಸಿದ್ಧಾಂತದ ಮೇಲೆ ವಾದಕ್ಕಿಳಿಯಬೇಡಿ. ವಾದದಲ್ಲಿ ಉತ್ತರ ಕೊಡುವುದನ್ನು ಅವನಿಗೆ ಅವರು ಆಗಲೇ ಕಲಿಸಿದ್ದಾರೆ. ಆ ಗುಂಪಿನಲ್ಲಿ ನಿನಗೆ ಸಿಗುವುದೇನು ಎಂದು ಕೇಳಿ. ಬಹಳ ಸಲ ಸಿಗುವ ಉತ್ತರ ಧರ್ಮದ್ದೂ ಅಲ್ಲ, ರಾಜಕೀಯದ್ದೂ ಅಲ್ಲ. ಅಲ್ಲಿ ಅವನನ್ನು ಯಾರೋ ಅಣ್ಣ ಎನ್ನುತ್ತಾರೆ, ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತೇ’ ಎಂದು ಕೇಳುತ್ತಾರೆ. ಕ್ರಿಕೆಟ್ ಯಾಕೆ ಬಿಟ್ಟ ಎಂಬುದನ್ನು ಹುಡುಕಿ. ಹೈಸ್ಕೂಲ್ ಮೈದಾನದಲ್ಲಿ ಯಾರೋ ಅವನನ್ನು ಹೆಸರು ಹಿಡಿದು ಅವಮಾನಿಸಿದ್ದರೆ ನಿಮ್ಮ ಅರ್ಧ ಕೆಲಸ ಅಲ್ಲಿದೆ. ನಿದ್ದೆ, ಊಟ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಚಿಗಟೇರಿ ಜಿಲ್ಲಾಸ್ಪತ್ರೆಗೂ ಕರೆದೊಯ್ಯಬಹುದು. ತಂದೆತಾಯಿಯನ್ನು ಕರೆಸಿ, ಆದರೆ ಅವನಿಗೆ ಹೇಳಿಯೇ ಕರೆಸಿ. ಅವನ ಮೊಬೈಲ್ ಕಿತ್ತು ವಿಡಿಯೊಗಳನ್ನು ನಿಮ್ಮ ಮೊಬೈಲ್‌ಗೆ ಕಳಿಸಿಕೊಳ್ಳಬೇಡಿ, ನಾಳೆ ಅದು ನಿಮ್ಮ ತಲೆಗೇ ಸುತ್ತಿಕೊಳ್ಳಬಹುದು. ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನ ಹೆಸರು ಎತ್ತಲೇಬೇಡಿ. ಅಲ್ಲಿ ಹಾಕಿದ್ದು ಸಂಜೆಯೊಳಗೆ ಅವನ ಬೀದಿಗೆ ತಲುಪುತ್ತದೆ, ಆಮೇಲೆ ಅವನಿಗೆ ಉಳಿಯುವುದು ಆ ಗುಂಪೊಂದೇ.

ಕೊನೆಗೆ ಆಡಳಿತ ಮಂಡಳಿಯ ಸಮಿತಿ. ಬೇಡ. ಅಂಥ ಸಮಿತಿ ರಚಿಸಬೇಕೆಂದು ಯಾವ ಕಾನೂನೂ ಹೇಳಿಲ್ಲ. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಹರಿಹರ, ದಾವಣಗೆರೆಯ ಕಾಲೇಜುಗಳ ಎದುರು ಏನಾಯಿತೆಂದು ನೀವೇ ಕಂಡವರು. ಅಂಥ ಊರಿನಲ್ಲಿ ‘ಕಣ್ಣಿಡುವ ಸಮಿತಿ’ ಎಂದರೆ ಮೊದಲ ವಾರದಲ್ಲೇ ಯಾರ ಮಕ್ಕಳ ಹೆಸರುಗಳು ಪಟ್ಟಿಗೆ ಸೇರುತ್ತವೆ ಎಂದು ಊಹಿಸಲು ತಜ್ಞರು ಬೇಕಿಲ್ಲ. ಎರಡನೆಯ ವಾರದಿಂದ ನಿಮ್ಮ ತರಗತಿಯಲ್ಲಿ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಈ ಹುಡುಗ ತನ್ನ ಮಾತನ್ನು ನಿಮ್ಮೆದುರೇ ಆಡಿದ್ದರಿಂದಲೇ ನಿಮಗೆ ವಿಷಯ ಗೊತ್ತಾದದ್ದು ಎಂಬುದನ್ನು ಮಂಡಳಿಗೆ ನೆನಪಿಸಿ. ಅವರು ಪಟ್ಟು ಹಿಡಿದರೆ, ವಿದ್ಯಾರ್ಥಿಗಳು ತಾವಾಗಿ ಬಂದು ಮಾತಾಡಬಹುದಾದ ಒಬ್ಬ ಉಪನ್ಯಾಸಕಿ ಮತ್ತು ಒಬ್ಬ ಉಪನ್ಯಾಸಕರನ್ನು ನೇಮಿಸುವಂತೆ ಕೇಳಿ. ಯಾವ ವಿಷಯ ಯಾವ ಹಂತದಲ್ಲಿ ಪ್ರಾಂಶುಪಾಲರಿಗೆ, ಯಾವ ಹಂತದಲ್ಲಿ ಪೊಲೀಸರಿಗೆ ಹೋಗಬೇಕು ಎಂಬುದನ್ನು ಮೊದಲೇ ಬರೆದಿಡಿ. ಆ ಬರಹವನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿ. ಟಿಪ್ಪಣಿ ಬರೆಯುವುದಾದರೆ ಕೇಳಿದ್ದನ್ನು, ಕಂಡದ್ದನ್ನು ದಿನಾಂಕದೊಂದಿಗೆ ಬರೆಯಿರಿ. ಜಾತಿ, ಧರ್ಮ, ಉಡುಪು, ನಿಮ್ಮ ಊಹೆ ಅದರೊಳಗೆ ಬರಬಾರದು. ಹುಡುಗ ಕಾಲೇಜು ಬಿಟ್ಟು ಹೋಗುವಾಗ ಆ ಟಿಪ್ಪಣಿ ಏನಾಗಬೇಕು ಎಂಬುದೂ ಅದೇ ಬರಹದಲ್ಲಿರಲಿ.